ಶಾಂತಕುಮಾರಿ ತೊಳೆದುಬಿಟ್ಟ ತವರ

೧೯೫೮ರಲ್ಲಿ ಶಾಂತಕುಮಾರಿ ದೆಹಲಿಯ ಪ್ರಯೋಗಶಾಲೆ ಬಿಟ್ಟು ದಾವಣಗೆರೆಗೆ ಮರಳಿದಳು. ಹತ್ತಿ ವ್ಯಾಪಾರಿಯಾಗಿದ್ದ ತಂದೆ ಮುರುಗೇಶಪ್ಪನವರು ಕೇಳಿದವರಿಗೆಲ್ಲ, "ಅಲ್ಲಿಯ ಚಳಿ ಮಗಳಿಗೆ ಒಗ್ಗಲಿಲ್ರಿ" ಎನ್ನುತ್ತಿದ್ದರು. ನಿಜವಾದ ಕಾರಣ ತಿಳಿಯದಿದ್ದರೂ ಅಪ್ಪ ತನಗಾಗಿ ಸುಳ್ಳು ಹೇಳುವುದು ಒಳಕೋಣೆಗೆ ಕೇಳಿಸಿದಾಗಲೆಲ್ಲ ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಗುತ್ತಿತ್ತು.

ದೆಹಲಿಯಲ್ಲಿ ಅವಳ ಕೆಲಸವಿದ್ದದ್ದು ತವರದ ಮೇಲೆ. ವಿಪರೀತ ತಣಿಸಿದರೆ ತವರ ಅತಿವಾಹಕವಾಗುತ್ತದೆ: ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ, ಅಯಸ್ಕಾಂತದ ಬಲವನ್ನು ಲೋಹ ಹೊರಕ್ಕೆ ತಳ್ಳುತ್ತದೆ. ತವರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಜಿನ ಮೇಲೆ ಕೂರಿಸಿ, ಆ ಗುಣ ಉಳಿಯುತ್ತದೆಯೇ ಎಂದು ಅವಳು ನೋಡಬೇಕಿತ್ತು. ದಪ್ಪ ಕಣಗಳಲ್ಲಿ ಉಳಿಯಿತು. ತೀರ ಸಣ್ಣವುಗಳಲ್ಲಿ ಎಷ್ಟು ತಣಿಸಿದರೂ ಅದರ ಸುಳಿವೇ ಇರಲಿಲ್ಲ. ಅವಳ ಮೇಲಧಿಕಾರಿಯಾಗಿದ್ದ ವಿಜ್ಞಾನಿ ಎಲ್ಲರೆದುರು, "ಗಾಜಿಗೆ ಕೊಳೆ ಸೇರಿದೆ. ಶುದ್ಧವಾಗಿ ಕೆಲಸ ಮಾಡಲು ಮೊದಲು ಕಲಿ" ಎಂದರು. ಶಾಂತಕುಮಾರಿ "ನನ್ನದೇ ತಪ್ಪು" ಎಂದು ಒಪ್ಪಿಕೊಂಡು, ಗಾಜುಗಳನ್ನೆಲ್ಲ ಆಮ್ಲದಲ್ಲಿ ತೊಳೆದಿಟ್ಟಳು. ತಿಂಗಳೊಳಗೆ ರೈಲು ಹತ್ತಿದಳು.

ಹರಿಹರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ದಿನವೂ ಬಸ್ಸಿನಲ್ಲಿ ಹೋಗಿಬರುವಳು. ಹಾಗೇ ಕೆಲವು ವರ್ಷ ಕಳೆದವು.

ಒಂದು ಸಂಜೆ, ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ರಾಮಚಂದ್ರಪ್ಪನವರು ವಿಜ್ಞಾನ ಪತ್ರಿಕೆಯೊಂದನ್ನು ಹಿಡಿದು ಮನೆಗೆ ಬಂದರು.

"ತಂಗಿ, ನೀನು ಇದೇ ಕೆಲಸದಾಗ ಇದ್ದೆಂತಲ್ಲ. ಸ್ವಲ್ಪ ಬಿಡಿಸಿ ಹೇಳವ್ವ."

ನಿಂತೇ ಓದಿದಳು. ಕಣ ಒಂದು ಮಿತಿಗಿಂತ ಕಿರಿದಾದರೆ ಅದರೊಳಗಿನ ಎಲೆಕ್ಟ್ರಾನುಗಳು ಜೋಡಿಗೂಡಲಾರವು, ಅಲ್ಲಿ ಅತಿವಾಹಕತೆಯೇ ಅಳಿಯುತ್ತದೆ ಎಂದಿತ್ತು. ಅವಳ ಕಿವಿ ಬಿಸಿಯಾದವು.

"ನಂಗಿದು ತಿಳಿಯಲ್ರಿ" ಎಂದು ಪತ್ರಿಕೆ ಹಿಂದಕ್ಕೆ ಕೊಟ್ಟಳು.

ಭಾನುವಾರ ಅಪ್ಪನನ್ನು ಕರೆದುಕೊಂಡು ರಾಮಚಂದ್ರಪ್ಪನವರ ಮನೆಗೆ ಹೋದಳು.

"ಮೊನ್ನೆ ಸುಳ್ಳು ಹೇಳಿದೆ ಸಾರ್. ನಂಗೂ ಹಿಂಗೇ ಬಂದಿತ್ತು. ಗಾಜಿಗೆ ಕೊಳೆ ಸೇರೈತೆ ಅಂದ್ರು, ಹೂಂ ಅಂದೆ."

"ಆ ಗಾಜು ಎಲ್ಲೈತೆ ಈಗ?"

"ತೊಳೆದ್ಬಿಟ್ಟೆ."

ರಾಮಚಂದ್ರಪ್ಪನವರು "ಖರೇನೇ ಕೊಳೆ ಇದ್ದಿದ್ರೂ ಇರಬಹುದಲ್ಲ?" ಎಂದರು.

"ಇರಬಹುದ್ರಿ. ಇನ್ನೊಂದ್ಸಲ ಮಾಡಿ ನೋಡ್ತೀನಿ ಅಂತ ಕೇಳಲೇ ಇಲ್ಲ ನಾನು. ಈಗ ಯಾರಿಗೂ ಗೊತ್ತಾಗೋ ಹಂಗಿಲ್ಲ."

ಮರಳುವ ದಾರಿಯಲ್ಲಿ ಮುರುಗೇಶಪ್ಪನವರು, "ನಂಗಾದ್ರೂ ಒಂದು ಮಾತು ಹೇಳಬಾರದಿತ್ತೇನವ್ವ?" ಎಂದರು.

"ನಾಚಿಕೆ ಆಗಿತ್ತಪ್ಪ."

"ಈಗ?"

"ಈಗ ಇನ್ನೂ ಹೆಚ್ಚಾಗೈತೆ. ಆಗ ಕೆಲಸ ಕೆಟ್ಟಿತು ಅಂತ ನಾಚಿಕೆ ಇತ್ತು. ಈಗ ಕಣ್ಣಾರೆ ಕಂಡದ್ದನ್ನ ಬಿಟ್ಟುಕೊಟ್ನಲ್ಲ ಅಂತ."



ಅವಳು ದೆಹಲಿಗೆ ಮತ್ತೆ ಹೋಗಲಿಲ್ಲ. ಮದುವೆಯಾಗಿ ಹರಿಹರದಲ್ಲೇ ನೆಲೆಸಿದಳು. ರಾಮಚಂದ್ರಪ್ಪನವರು ಮಾತ್ರ ಪತ್ರಿಕೆ ಬಂದಾಗಲೆಲ್ಲ ಕಳಿಸಿಕೊಡುತ್ತಿದ್ದರು. ಸಣ್ಣ ಕಣಗಳ ಸುದ್ದಿಯಿದ್ದರೆ ಅವಳು ಬಾಗಿಲು ಮುಂದೆ ಮಾಡಿಕೊಂಡು, ಒಂದಕ್ಷರ ಬಿಡದೆ ಓದುತ್ತಿದ್ದಳು.