ನಾನು ಮಾಡದ ಫೋನು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ ಕೇಳಿಸಿಕೊಂಡು, ಅವರಿಗೆ ಏನೋ ಭ್ರಮೆ ಆಗಿರಬೇಕು ಅಂದುಕೊಳ್ಳುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ನನ್ನ ತಕರಾರಿಲ್ಲ.

ಮಾಧವನಗರದ ಗಿರಣಿ ಬಂದ್ ಆಗಿ ನನ್ನ ಯಜಮಾನರು ಮನೆಯಲ್ಲಿ ಕೂತಿದ್ದ ಕಾಲ. ಸಾಂಗಲಿಯಲ್ಲಿದ್ದ ನನ್ನ ಅಕ್ಕ ಓಡಾಡಿ, ಅಲ್ಲಿ ಹೊಸದಾಗಿ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಅವರಿಗೆ ವಾಚಮನ್ ಕೆಲಸ ನೋಡಿದಳು. ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತ ಮನುಷ್ಯ ಇನ್ನೊಬ್ಬರ ಬಾಗಿಲು ಕಾಯಬೇಕೇ ಎಂದು ನನಗೆ ಸಿಟ್ಟು ಬಂತು. "ನಿನ್ನ ಉಪಕಾರ ನಮಗ ಬ್ಯಾಡ. ಇನ್ನ ನಮ್ಮ ಮನಿಗೆ ಬರಬ್ಯಾಡ" ಅಂದುಬಿಟ್ಟೆ. ಅವಳು ಚಪ್ಪಲಿ ಮೆಟ್ಟಿ ಹೋದಳು. ಮೂರು ವರ್ಷ ಮಾತಿರಲಿಲ್ಲ.

ಆಮೇಲೆ ಯಜಮಾನರಿಗೆ ಮಿರಜದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಶನ್ ಆಯಿತು. ನಾನು ಯಾರಿಗೂ ತಿಳಿಸಿರಲಿಲ್ಲ. ಅವರನ್ನು ಒಳಗೆ ಒಯ್ದ ಮೇಲೆ ಮುಂಜಾನೆಯಿಂದ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಪಕ್ಕದಲ್ಲಿ ಅಥಣಿ ಕಡೆಯ ಒಬ್ಬ ಅಜ್ಜಿ ಇದ್ದಳು, ಅಷ್ಟೇ.

ಹನ್ನೆರಡರ ಸುಮಾರಿಗೆ ಅಕ್ಕ ಬಂದಳು. ಕೈಯಲ್ಲಿ ಊಟದ ಡಬ್ಬಿ.

"ನಿನಗ ಯಾರು ಹೇಳಿದ್ರು?" ಅಂದೆ.

"ನೀನ ಫೋನ್ ಮಾಡಿದ್ದಿ ಅಲ್ಲ, ಮುಂಜಾನೆ ಹತ್ತಕ್ಕ" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆವತ್ತ ನೀ ಎಚ್ಚರ ಇದ್ದಿ ಅಂತ ನನಗ ಗೊತ್ತಿರಲಿಲ್ಲ" ಅಂದಳು.

ಅಕ್ಕನ ಮನೆಯಲ್ಲಿ ಫೋನು ಹಾಕಿಸಿದ್ದೇ ನಮ್ಮ ಜಗಳದ ನಂತರ. ಅದರ ನಂಬರೇ ನನಗೆ ಗೊತ್ತಿರಲಿಲ್ಲ. ನಡುವೆ ಎಲ್ಲಾದರೂ ಎದ್ದು ಹೋಗಿದ್ದೆನೇ ಎಂದು ಅಜ್ಜಿಯನ್ನು ಕೇಳಿದೆ. "ಇಲ್ಲವ್ವಾ, ನೀ ಕುಂತ ಜಾಗಾ ಬಿಟ್ಟಿಲ್ಲ" ಅಂದಳು.

ಅಕ್ಕ ಹೇಳಿದ 'ಆವತ್ತು' ಯಾವುದೆಂದು ನನಗೆ ಗೊತ್ತು. ಒಂಬತ್ತು ವರ್ಷದವಳಿದ್ದಾಗ ನಮ್ಮ ತವರೂರು ಲಿಂಗನೂರಿನಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಅವ್ವ ತೀರಿಕೊಂಡಿದ್ದಳು. ಅಕ್ಕ ಏಳನೆಯ ತರಗತಿಯ ಪರೀಕ್ಷೆ ಬಿಟ್ಟು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು. ಮತ್ತೆ ಶಾಲೆಗೆ ಹೋಗಲೇ ಇಲ್ಲ. ಪರೀಕ್ಷೆಯ ಮುಂಜಾನೆ ಅವಳು ಗೋಡೆಗೆ ಮುಖ ಮಾಡಿ ಅತ್ತದ್ದನ್ನು ನಾನು ಅರೆಗಣ್ಣಿನಿಂದ ನೋಡಿ, ನಿದ್ದೆ ಬಂದವಳಂತೆ ಮಲಗಿದ್ದೆ. ಇದನ್ನು ಯಾರಿಗೂ, ಯಜಮಾನರಿಗೂ ಹೇಳಿರಲಿಲ್ಲ. ಫೋನಿನಲ್ಲಿ ನಾನು ಅದನ್ನೇ ಹೇಳಿ, "ನಿನ್ನಿಂದ ನಾ ಉಳದೇನಿ, ಅಕ್ಕಾ" ಅಂದೆನಂತೆ.

ಫೋನು ನನ್ನದಲ್ಲ ಎಂದು ಹೇಳದೆ ಅವಳ ಕೈಯ ಡಬ್ಬಿ ತೆಗೆದುಕೊಂಡೆ. ನಿಜ ಹೇಳಿದರೆ ಅವಳು ಎದ್ದು ಹೋದಾಳೆಂಬ ಹೆದರಿಕೆ. ಎಂಟು ದಿನ ನನ್ನ ಜೊತೆಗಿದ್ದಳು. ಯಜಮಾನರು ಗುಣವಾದರು. ಮುಂದೆ ಅವಳೇ ನೋಡಿಕೊಟ್ಟ ಇನ್ನೊಂದು ಕೆಲಸಕ್ಕೂ ಹೋದರು.

ಎಷ್ಟೋ ವರ್ಷಗಳ ನಂತರ ಒಂದು ಮಧ್ಯಾಹ್ನ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದಾಗ, ಫೋನ್ ಮಾಡಿದವಳು ನಾನಲ್ಲ ಎಂದು ಹೇಳಿದೆ. ಅಕ್ಕ ನಂಬಲಿಲ್ಲ.

"ನಾಚಿಕಿ ಬರ್ತೈತೇನ? ನಿನ್ನ ದನಿ ನನಗ ಗೊತ್ತಾಗೂದಿಲ್ಲೇನ?"

ಹೋಗಲಿ, 'ನಿನ್ನಿಂದ ನಾ ಉಳದೇನಿ' ಎಂಬ ಆ ಮಾತನ್ನು ಈಗಾದರೂ ನನ್ನ ಬಾಯಿಂದಲೇ ಹೇಳಿಬಿಡೋಣ ಎಂದು ಶುರುಮಾಡಿದೆ. ಅವಳು ಕೈ ಅಡ್ಡ ಮಾಡಿದಳು.

"ಒಂದ ಸಲ ಹೇಳಿದಿ, ಸಾಕು. ಮತ್ತ ನನ್ನ ಅಳಿಸಬ್ಯಾಡ."

ಹೀಗಾಗಿ ಆ ಮಾತನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ಹೇಳಿದವರು ಯಾರು ಎಂಬುದೂ ನನಗೆ ಗೊತ್ತಿಲ್ಲ.