ಬಿಚ್ಚಿ ನೋಡದ ಬೇಲು

ಮೊನ್ನೆ ರಾಗಿ ಮೂಟೆಯ ಬಾಯಿ ಹೊಲಿಯಲು ದಬ್ಬಳ ಹುಡುಕುತ್ತಿದ್ದೆ. ಅಟ್ಟದ ಮೇಲಿನ ಹಳೆಯ ಡಬ್ಬಿಯಲ್ಲಿ, ಗೋಣಿ ಚೂರಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಸುತ್ತು ಬಿಚ್ಚಿದ ಕೂಡಲೇ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಬೆಂದ ಎಲೆಯ ಆ ಸಿಹಿ ಘಾಟು ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ! ಮೂಟೆ ಹಾಗೇ ಬಾಯಿ ತೆರೆದುಕೊಂಡು ನಿಂತಿತ್ತು, ನಾನು ಪಕ್ಕದಲ್ಲಿ ಕೂತುಬಿಟ್ಟೆ. ಅದು ದೊಡ್ಡವ್ವನ ದಬ್ಬಳ...

ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ. ಹುಣಸೂರು ಬಳಿಯ ಗುರುಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯವಳು. ಬೀದಿಗೆಲ್ಲ ಅವಳು ದೊಡ್ಡವ್ವನೇ. ಬೆಂಕಿ ಹಚ್ಚಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಗೋಣಿಯಲ್ಲಿ ಬಿಗಿದು ಬೇಲು ಕಟ್ಟಿ, ಹರಾಜಿಗೆ ಕಳಿಸುವವರೆಗೆ ಬೀದಿಯಲ್ಲಿ ಅವಳದೇ ದರ್ಬಾರು. ಮೇಲೆ ಒಳ್ಳೆ ಎಲೆ ಹಾಸಿ ನಡುವೆ ಕರಿಸೊಪ್ಪು ತುರುಕುವುದು ನಮ್ಮ ಕಡೆ ಕೆಲವರ ಕೈಚಳಕ. ಅದಕ್ಕೇ ಅವಳು ಯಾರ ಬೇಲಾದರೂ ಸರಿ, ಮೊಣಕೈವರೆಗೆ ಕೈ ಇಳಿಸಿ, ನಡುವಿನ ಎಲೆ ಎಳೆದು ಮೂಸದೆ ಹೊಲಿಯಗೊಡುತ್ತಿರಲಿಲ್ಲ. ಒಮ್ಮೆ ಸ್ವಂತ ಮಗನೇ ಹೊಲಿದು ಮುಗಿಸಿದ್ದ ಬೇಲನ್ನು ಬೀದಿಗೆ ಎಳೆದುತಂದು ಕುಡುಗೋಲಿನಿಂದ ಸರ್ರನೆ ಸೀಳಿದಳು. ಒಳಗಿನಿಂದ ಕರಿಸೊಪ್ಪು ಉದುರಿತು.

"ಮ್ಯಾಗೆ ಮದ್ಲಿಂಗಿತ್ತಿ, ಒಳಗೆ ಹೆಣ! ಥೂ, ನಿನ್ನ ಮಕಕ್ಕಿಷ್ಟು!" ಎಂದು ಉಗಿದಳು. ಮಗ ಆಮೇಲೆ ಜನ್ಮದಲ್ಲಿ ಹಾಗೆ ಮಾಡಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅವಳಿಗೆ ಕರುಳಿನಲ್ಲಿ ಕ್ಯಾನ್ಸರ್ ಬಂತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಔಷಧಿಗೆ ತಲೆಗೂದಲು ಉದುರಿ ಮತ್ತೆ ಬಂತು, ಸದ್ಯ ಗಂಡಾಂತರ ಕಳೆಯಿತು ಎಂದುಕೊಂಡೆವು. ಮಾರನೆಯ ವರ್ಷ ಸಸಿ ನಾಟಿ ಮುಗಿದ ಹೊತ್ತಿಗೆ, ಸ್ಕ್ಯಾನ್ ನೋಡಿದ ಡಾಕ್ಟರು ಲಿವರಿಗೂ ಹಬ್ಬಿದೆ ಎಂದು ಬೆಂಗಳೂರಿಗೆ ಬರೆದುಕೊಟ್ಟರು. ಹುಣಸೂರಿನಲ್ಲಿ ಕಾಲೇಜು ಓದಿದವಳು, ನಾಲ್ಕು ಮಾತಾಡಬಲ್ಲಳು ಅಂತ ದೊಡ್ಡವ್ವ ಮತ್ತು ಅವಳ ಮಗನ ಜೊತೆ ಮನೆಯವರು ನನ್ನನ್ನೂ ಹೊರಡಿಸಿದರು.

ಬೆಂಗಳೂರಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಅವರು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಕೈ ಮುಗಿದಳು.

"ಬದುಕೋದು ಸಾಯೋದು ಶಿವನಿಗೆ ಬುಟ್ಟಿದ್ದು ಸ್ವಾಮಿ. ಬ್ಯಾರನ್ ಹಚ್ಚೋ ಒತ್ಗೆ ನನ್ನ ಎಬ್ಸಿ ಕೂರ್ಸಿ. ಈ ಸಲದ ಸೊಪ್ಪು ನನ್ ಕೈಯಾಗೇ ಆಗ್ಬೇಕು."

ಅವಳು ಕೇಳಿದ್ದು ಅಷ್ಟೇ. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು, ಹೊಟ್ಟೆ ತೆರೆದು, ಗಂಟು ತೆಗೆಯುವುದು. ಇನ್ನೊಂದು ಆಗಿನ್ನೂ ಹೊಸದು. ನಾಲ್ಕಾರು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನೋಡಿಕೊಂಡು ತೆಗೆಯುವುದು. "ತೂತಿನಲ್ಲಿ ಮಾಡಿದರೆ ನೋವು ಕಡಿಮೆ ಅಮ್ಮ, ಬೇಗ ಓಡಾಡ್ತೀರಿ. ಒಳಗೆ ಬೇರೆ ಕಡೆಗೂ ಹಬ್ಬಿದ್ರೆ ಕ್ಯಾಮೆರಾದಲ್ಲೇ ಕಾಣುತ್ತೆ. ಆಗ ದೊಡ್ಡದಾಗಿ ಕೊಯ್ಯೋದೇ ಬೇಡ, ಅಲ್ಲಿಗೇ ನಿಲ್ಲಿಸಬಹುದು. ಯಾವುದರಲ್ಲಿ ಹೆಚ್ಚು ದಿನ ಬದುಕ್ತಾರೆ ಅಂತ ಮಾತ್ರ ನಾನು ಖಂಡಿತ ಹೇಳಲಾರೆ. ತೆರೆದು ಮಾಡಿದರೆ ಒಂದು ಅನುಕೂಲ ಇದೆ, ಲಿವರನ್ನ ಕೈಯಲ್ಲೇ ಮುಟ್ಟಿ ನೋಡಬಹುದು."

ಕೈಯಲ್ಲೇ ಮುಟ್ಟಿ ಎಂದದ್ದೇ ತಡ, ದೊಡ್ಡವ್ವ ನೆಟ್ಟಗೆ ಕೂತಳು.

"ಅಂಗನ್ನಿ ಮತ್ತೆ! ತೂತಲ್ಲಿ ಇಣುಕಿ ನೋಡಿ ಬೇಲು ತಗಂಡೋನು ಉದ್ಧಾರ ಆಗವ್ನಾ? ಬುಚ್ಚಿ ಸ್ವಾಮಿ. ಪೂರ್ತಿ ಬುಚ್ಚಿ, ಕೈಯಾಕಿ ನೋಡಿ."

ನನಗೆ ರೇಗಿತು. "ನಿನ್ನ ಹೊಟ್ಟೆ ಏನು ಬೇಲಾ ದೊಡ್ಡವ್ವ?" ಎಂದೆ.

"ಇನ್ನೇನು ಕಣೆ? ಕಟ್ಟಿದೋನು ಬ್ಯಾರೆ, ಅಷ್ಟೇಯ."

ಡಾಕ್ಟರು ಇನ್ನೊಮ್ಮೆ ಬಿಡಿಸಿ ಹೇಳಿದರು. ನಾನೂ ನಮ್ಮ ಮಾತಿನಲ್ಲಿ ಹೇಳಿದೆ. ಮಗನಂತೂ ಕಾಲು ಹಿಡಿಯುವುದೊಂದು ಬಾಕಿ. ಕೋಣನ ಮುಂದೆ ಕಿನ್ನರಿ! ಕೊನೆಗೆ ಹೊಟ್ಟೆ ಅವಳದು ಎಂದು ಒಪ್ಪಿಕೊಂಡೆವು.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಸಾಯಂಕಾಲದವರೆಗೂ ಆಗುತ್ತದೆ ಎಂದಿದ್ದರು. ಮಗ ತಂದ ಕಾಫಿ ಇನ್ನೂ ಆರಿರಲಿಲ್ಲ, ಡಾಕ್ಟರು ಹೊರಗೆ ಬಂದರು. "ಆಗೋಯ್ತಾ ಸಾರ್? ಬೇಗ್ನೇ ಮುಗುದೋಯ್ತಲ್ಲ!" ಎಂದು ಮಗ ನಗುತ್ತಾ ಎದ್ದ.

ಹೊಟ್ಟೆಯ ಒಳಗೋಡೆಯ ತುಂಬ ರಾಗಿ ಕಾಳು ಚೆಲ್ಲಿದ ಹಾಗೆ ಹರಡಿತ್ತಂತೆ. ಸ್ಕ್ಯಾನಿಗೆ ಸಿಗದಷ್ಟು ಸಣ್ಣದು. ಲಿವರಿನದು ತೆಗೆದರೂ ಪ್ರಯೋಜನವಿಲ್ಲವೆಂದು ಏನನ್ನೂ ತೆಗೆಯದೆ ಹಾಗೇ ಹೊಲಿದಿದ್ದರು.

"ಕ್ಯಾಮೆರಾ ಹಾಕಿದ್ದರೂ ಇದು ಕಾಣುತ್ತಿತ್ತಾ ಸಾರ್?" ಎಂದು ಕೇಳಿದೆ.

ಅವರು ನೆಲ ನೋಡಿದರು. "ಕಾಣುತ್ತಿತ್ತಮ್ಮ."

ದೊಡ್ಡವ್ವನಿಗೆ ಎಲ್ಲ ತಿಳಿಸಿದೆವು. ಅವಳೊಂದಿಗೆ ಸುಳ್ಳು ನಡೆಯುತ್ತಿರಲಿಲ್ಲ. ಅವಳು ಹೊದಿಕೆ ಸರಿಸಿ, ಈ ಪಕ್ಕೆಯಿಂದ ಆ ಪಕ್ಕೆಗೆ ಹೋಗಿದ್ದ ಹೊಲಿಗೆ ನೋಡಿಕೊಂಡು, "ಒಲಿಗೆ ಏನೋ ನೀಟಾಗಿ ಹಾಕವ್ನೆ ಬುಡು" ಎಂದಳು.

ನೀಟಾಗಿದ್ದ ಆ ಹೊಲಿಗೆ ಊರಿಗೆ ಬಂದ ಮೇಲೆ ಕೀವಾಯಿತು. ಒಂದು ಕಡೆ ಮಾಯ್ದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಮಳೆಗಾಲ ಶುರುವಾಗಿ ಬೀದಿಯಲ್ಲಿ ಬ್ಯಾರನ್‌ಗಳು ಒಂದೊಂದಾಗಿ ಹತ್ತಿಕೊಂಡವು. ದೊಡ್ಡವ್ವ ಮಗ್ಗುಲು ಬದಲಿಸಲೂ ಆಗದೆ ಒಳಕೋಣೆಯಲ್ಲಿ ಮಲಗಿದ್ದಳು. ಗಾಳಿಗೆ ಬಂದ ವಾಸನೆ ಹಿಡಿದು, "ಯಾರ್ದೋ ಸೊಪ್ಪು ಸೀಯ್ತಾ ಅದೆ, ಓಗಿ ಯೋಳ್ರೋ" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಬರಬರುತ್ತಾ ಆ ಕೂಗೂ ನಿಂತಿತು...

ಆ ಸಲದ ಮೊದಲ ಬೇಲನ್ನು ಮಗ ಬಾಯಿ ಹೊಲಿಯದೆ ಅವಳ ಮಂಚದ ಪಕ್ಕಕ್ಕೇ ಎಳೆದುಕೊಂಡು ಬಂದ. "ನೋಡವ್ವ" ಎಂದ. ನಾನು ಅವಳ ಬೆನ್ನಿಗೆ ಕೈ ಕೊಟ್ಟು ಎತ್ತಿದೆ. ಗಾಯ ಎಳೆದು ಮುಖ ಕಿವುಚಿದಳು, ಆದರೂ ಕೈ ಚಾಚಿದಳು. ಮೊಣಕೈವರೆಗೆ ಇಳಿಯುತ್ತಿದ್ದ ಕೈ ಅಂದು ಮೇಲಿನ ಎಲೆಗಳನ್ನಷ್ಟೇ ಸವರಿ ನಿಂತುಕೊಂಡಿತು.

"ಚೆನ್ನಾಗದೆ. ಒಲೀರಿ" ಎಂದಳು.

ಮಗ ಗೋಡೆಗೆ ತಲೆ ಆನಿಸಿ ಅತ್ತುಬಿಟ್ಟ. ದಬ್ಬಳ ನನ್ನ ಕೈಗೆ ಬಂತು. ಅವಳು ಒಳಗೆ ನೋಡದೆ ಒಪ್ಪಿದ ಬೇಲು ಅದೊಂದೇ. ಅದನ್ನು ಹೊಲಿದವಳು ನಾನು. ಆ ಬೇಲು ಹರಾಜಿಗೆ ಹೋಗುವ ಮೊದಲೇ ಅವಳು ಹೋದಳು.

ದೊಡ್ಡವ್ವ ಹೇಗೂ ಬದುಕುತ್ತಿರಲಿಲ್ಲ, ಅದು ನನಗೆ ಗೊತ್ತು. ಈಗ ನಮ್ಮೂರಿನವರೇ ತೂತಿನ ಆಪರೇಷನ್ ಮಾಡಿಸಿಕೊಂಡು ಬಂದು ಅಂಗಿ ಎತ್ತಿ ತೋರಿಸುತ್ತಾರೆ, ಜೀರಿಗೆಯಷ್ಟು ಗುರುತು. ನೋಡಿದಾಗಲೆಲ್ಲ ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಸಾಯುವುದಿತ್ತು ಸರಿ, ಆದರೆ ಸೊಪ್ಪಿನ ರಾಶಿಯ ಮುಂದೆ ಕೂತು, ನಾಲ್ಕು ಜನಕ್ಕೆ ಬೈಯುತ್ತಾ ಸಾಯಬಹುದಿತ್ತಲ್ಲೇ ನನ್ನವ್ವ...

ಮೊನ್ನೆ ಸಂಜೆ ಕೊನೆಗೂ ಮೂಟೆ ಹೊಲಿಯಲು ಎದ್ದೆ. ಹೊಲಿಯುವ ಮೊದಲು ಯಾಕೋ ಮೊಣಕೈವರೆಗೆ ಕೈ ಇಳಿಸಿದೆ. ಬರೀ ರಾಗಿ. ತಣ್ಣಗಿತ್ತು.