ಸಂಖ್ಯೆಗೆ ಬಂದವರ ಊಟ

೧೯೯೭ರಲ್ಲಿ ಕುಂದಾಪುರದ ಒಂದು ಖಾಸಗಿ ಕಾಲೇಜಿಗೆ ನಾನು ತಾತ್ಕಾಲಿಕ ಗ್ರಂಥಪಾಲಕಿಯಾಗಿ ಸೇರಿದೆ. "ತಾತ್ಕಾಲಿಕ ಅಂದ್ರೆ ಒಂದು ವರ್ಷ ಮೇಡಂ, ಆಮೇಲೆ ಕಾಯಂ ಮಾಡ್ತೇವೆ" ಎಂದು ಪ್ರಿನ್ಸಿಪಾಲರು ಚಹಾ ತರಿಸಿ ಹೇಳಿದ್ದರು. ಆ ಒಂದು ವರ್ಷ ನನ್ನ ಕೂದಲು ನರೆಯುವ ತನಕ ಮುಗಿಯಲಿಲ್ಲ. ಯಡ್ತರೆಯ ಮನೆಯಿಂದ ಬೈಂದೂರು ಪೇಟೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ ನಿಂತು, ಸೀರೆಯ ನೆರಿಗೆಯೆಲ್ಲ ಸುಕ್ಕಾಗಿ ಕಾಲೇಜು ಮುಟ್ಟುವಷ್ಟರಲ್ಲಿ ಅರ್ಧ ದಿನದ ಕೆಲಸ ಮಾಡಿದಷ್ಟು ಸುಸ್ತು. ಸಂಜೆ ಮತ್ತೆ ಅದೇ ಬಸ್ಸು.

ಕಾಯಂ ಹುದ್ದೆಯೆಂಬುದು ನಮ್ಮಂಥವರಿಗೆ ಹೇಗೆ ಸಿಗುತ್ತಿತ್ತು ಎಂಬುದನ್ನು ಮೊದಲು ಹೇಳಬೇಕು. ಸಂದರ್ಶನಕ್ಕೆ ಕಡಿಮೆಯೆಂದರೂ ಮೂರು ಜನ ಬಂದಿರಬೇಕು, ಇಲ್ಲದಿದ್ದರೆ ಅದನ್ನು ರದ್ದು ಮಾಡಿ ಮತ್ತೆ ಜಾಹೀರಾತು ಕೊಡಬೇಕು ಎಂದು ಈ ಕಡೆಯ ಆಡಳಿತ ಮಂಡಳಿಗಳು ನೇಮ ಹಿಡಿದಿದ್ದವು. ಲೈಬ್ರರಿ ಸೈನ್ಸ್ ಓದಿದವರೋ ನಮ್ಮಲ್ಲಿ ಬೆರಳೆಣಿಕೆ. ಹಾಗಾಗಿ ನಮ್ಮೊಳಗೇ ಒಂದು ಒಪ್ಪಂದವಿತ್ತು. ಯಾವ ಕಾಲೇಜಿನಲ್ಲಿ ಯಾರು ತಾತ್ಕಾಲಿಕವಾಗಿ ದುಡಿಯುತ್ತಿದ್ದಾರೋ ಆ ಹುದ್ದೆ ಅವರದ್ದು. ಉಳಿದ ಇಬ್ಬರು ಸುಮ್ಮನೆ ಸಂಖ್ಯೆಗೆ ಹೋಗಿ ಕುಳಿತು ಬರುವುದು. ಹುದ್ದೆ ಯಾರದ್ದೋ ಅವರು ಆ ದಿನ ಎಲ್ಲರಿಗೂ ಊಟ ಹಾಕಿಸುವುದು. ಹೋಟೆಲಿನಲ್ಲಿ ಏನೇನು ಬೇಕೆಂದು ಮಾಣಿಗೆ ಹೇಳುವುದೂ ಅವರೇ. ಸಂಖ್ಯೆಗೆ ಬಂದವರು ಬಾಯಿ ಬಿಡುವಂತಿಲ್ಲ, ಕೊಟ್ಟದ್ದನ್ನು ಉಣ್ಣಬೇಕು.

ಸಂಖ್ಯೆಗೆ ಹೋಗುವುದು ಸುಲಭವಲ್ಲ. ರೇಷ್ಮೆ ಸೀರೆ ಉಡಬಾರದು. ಅಂಕಪಟ್ಟಿಗಳ ಜೆರಾಕ್ಸ್ ಮಾತ್ರ ಒಯ್ಯಬೇಕು. ಮೂಲಪ್ರತಿ ಕೇಳಿದರೆ ಮನೆಯಲ್ಲಿದೆ ಎನ್ನಬೇಕು. ಮೊದಲೆರಡು ಪ್ರಶ್ನೆಗೆ ಸರಿಯಾಗಿ ಹೇಳಿ ಮೂರನೆಯದಕ್ಕೆ ಎಡವಬೇಕು, ಪೂರ್ತಿ ದಡ್ಡತನ ತೋರಿಸಿದರೆ ಕೂತವರಿಗೆ ಅನುಮಾನ ಬರುತ್ತದೆ. ಬ್ರಹ್ಮಾವರ, ಶಂಕರನಾರಾಯಣ, ಬೈಂದೂರು ಎಂದು ನಾನು ಎಷ್ಟು ಕಡೆ ಎಡವಿದ್ದೇನೋ ನನಗೇ ನೆನಪಿಲ್ಲ. ಒಮ್ಮೆ ಸಂದರ್ಶನಕ್ಕೆ ಕೂತ ಪ್ರಾಧ್ಯಾಪಕರೊಬ್ಬರು, "ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದು ಕನ್ನಡಕ ತೆಗೆದು ನೋಡಿದ್ದರು. ಎಲ್ಲೋ ಏನು, ಹಿಂದಿನ ಎರಡು ಸಂದರ್ಶನಗಳಲ್ಲೂ ಅವರೆದುರೇ ಕೂತಿದ್ದೆ.

ಐದಾರು ವರ್ಷ ಕಳೆದ ಮೇಲೆ ನನ್ನ ಸರದಿ ಬಂತು. ಕುಂದಾಪುರದ ಹುದ್ದೆಗೆ ಮಂಜೂರಾತಿ ಸಿಕ್ಕಿತು. ಸಂಖ್ಯೆಗೆ ಬ್ರಹ್ಮಾವರದ ಒಬ್ಬ ಹಿರಿಯರನ್ನು ಕರೆದೆ, ಅವರು ಈ ವಿದ್ಯೆಯಲ್ಲಿ ಪಳಗಿದವರು. ಇನ್ನೊಬ್ಬಳು ಶಂಕರನಾರಾಯಣದ ಹುಡುಗಿ, ಆಗಷ್ಟೇ ಓದು ಮುಗಿಸಿದವಳು.

"ಎಂತ ಇಲ್ಯೆ, ಸಂಖ್ಯೆಗ್ ಬಂದ್ ಕೂಕಂಡ್ರೆ ಸೈ. ಮಧ್ಯಾಹ್ನದ್ ಊಟ ನಂದ್" ಎಂದು ಅವಳಿಗೆ ಹೇಳಿದ್ದೆ.

ಎಡವುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಅದನ್ನೂ ಹೇಳಿಕೊಡಬೇಕೇ ಎಂದುಕೊಂಡಿದ್ದೆ. ಅವಳು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಅದಕ್ಕಿಂತ ಹೆಚ್ಚಾಗಿ, ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಪಾಸಾಗಿದೆಯೇ ಎಂದು ಕೇಳಿದಾಗ ಹೌದು ಎಂದುಬಿಟ್ಟಳು. ನನ್ನದಾಗಿರಲಿಲ್ಲ. ಅದೇನೂ ತಿಳಿಯದೆ ಆ ಮಧ್ಯಾಹ್ನ ನಾನು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಣಿಯನ್ನು ಕರೆದು, ಮೂವರಿಗೂ ಮೀನೂಟ, ಮೇಲೆ ಬಂಗುಡೆ ಫ್ರೈ ಎಂದು ದೊಡ್ಡ ಗಂಟಲಲ್ಲಿ ಹೇಳಿದ್ದೆ. ಆ ಹುಡುಗಿ ಅರ್ಧಕ್ಕೇ ಎದ್ದು ಕೈ ತೊಳೆದಳು.

ನೇಮಕಾತಿ ಆದೇಶ ಅವಳ ಹೆಸರಿಗೆ ಹೋಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಲೈಬ್ರರಿಯ ಬಾಗಿಲಿಗೆ ಬಂದು ನಿಂತಳು, ಕಣ್ಣು ಕೆಂಪಾಗಿತ್ತು.

"ಅಕ್ಕಾ, ನಾ ಸೇರುದಿಲ್ಲ. ಇದ್ ನಿಮ್ ಕೆಲ್ಸ."

"ನೀ ಬಿಟ್ರೆ ನಂಗ್ ಕೊಡ್ತ್ರಾ? ಮತ್ತೆ ಪೇಪರಗೆ ಹಾಕ್ತ್ರ್, ಯಾರೋ ಬತ್ರ್. ಅದ್ಕಿಂತ ನೀನೇ ಅಡ್ಡಿಲ್ಲ. ಹೋಯ್ ಸೇರ್ಕೊ."

ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಬೀಗದ ಕೈಗಳನ್ನು ಕೊಟ್ಟೆ, ಮಳೆಗಾಲದಲ್ಲಿ ಯಾವ ಕಪಾಟಿನ ಹಿಂದಿನ ಗೋಡೆ ಒಸರುತ್ತದೆ ಎಂದು ತೋರಿಸಿದೆ. ಬಸ್ಸು ಹತ್ತಿದ ಮೇಲೆ ಬೈಂದೂರು ಬರುವ ತನಕ ಅತ್ತೆ. ಆಮೇಲೆ ಎರಡು ವರ್ಷ ಅವಳ ಮೇಲೆ ಸಿಟ್ಟಿತ್ತು. ಅವಳದ್ದೇನೂ ತಪ್ಪಿಲ್ಲವೆಂದು ಗೊತ್ತಿತ್ತು, ಆದರೂ ಇತ್ತು.

ಆ ಸಿಟ್ಟಿನಲ್ಲೇ ಕೂತು ಓದಿ ಅರ್ಹತಾ ಪರೀಕ್ಷೆ ಪಾಸು ಮಾಡಿಕೊಂಡೆ. ಪಾಸಾದ ಮೇಲೆ ಹುದ್ದೆಗಳೇ ಇರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಬೈಂದೂರಿನ ಒಂದು ಸಣ್ಣ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ತೆಗೆದು ವರ್ಷಕ್ಕೊಮ್ಮೆ ಸೇರಿಸಿಕೊಳ್ಳುವ ಕೆಲಸ ಸಿಕ್ಕಿತು. ಏಪ್ರಿಲಿನಲ್ಲಿ ಬೀಳ್ಕೊಡುಗೆ, ಜೂನಿನಲ್ಲಿ ಸ್ವಾಗತ. ಮೊದಮೊದಲು ಜೂನಿನಲ್ಲಿ ಕರೆ ಬರುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು.

ಸಿಟ್ಟು ಇಳಿದ ಮೇಲೆ ಆ ಹುಡುಗಿ ನನಗೆ ಬಹಳ ಹತ್ತಿರದವಳಾದಳು. ರಜೆಯಲ್ಲಿ ಮನೆಗೆ ಬರುತ್ತಿದ್ದಳು, ಅವಳ ಮದುವೆಗೆ ಧಾರೆ ಸೀರೆ ಆರಿಸಿದ್ದು ನಾನು. ಒಂದು ಸಲ ಯಾವುದೋ ಬೇಸರದಲ್ಲಿ, "ಎಲ್ಲಾದ್ರೂ ಒಂದ್ ಕಾಯಂ ಕೆಲ್ಸ ಇದ್ರೆ ನಂಗೂ ಹೇಳೆ, ಸಾಕಾಯ್ತ್" ಎಂದಿದ್ದೆನಂತೆ. ನಾನು ಮರೆತೇಬಿಟ್ಟಿದ್ದೆ.

ಸಂಖ್ಯೆಗೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ. ಹೊಸಬರಿಗೆ ಇಲ್ಲವೆನ್ನಲು ಮನಸ್ಸಾಗುತ್ತಿರಲಿಲ್ಲ. ನನ್ನಿಂದ ಒಬ್ಬಳ ಬದುಕಾದರೂ ನೆಟ್ಟಗಾಗಲಿ ಎಂಬ ದೊಡ್ಡ ಮಾತೇನೂ ಅಲ್ಲ. ರಜೆ ಹಾಕಿ ಒಂದು ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ಬರುವುದು, ಯಾರೋ ಹಾಕಿಸಿದ ಊಟ ಉಣ್ಣುವುದು, ಅಷ್ಟೇ ನನಗೆ ಉಳಿದ ಸುಖ.

೨೦೧೦ ದಾಟಿದ ಮೇಲಿನ ಮಾತು. ಅರ್ಜಿ ಹಾಕಲು ನನಗಿದ್ದ ವಯಸ್ಸಿನ ಮಿತಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಮುಗಿದರೆ ಮುಗಿಯಲಿ, ಒಂದು ತಾಪತ್ರಯ ಕಳೆಯಿತು ಎಂದುಕೊಂಡಿದ್ದೆ. ಆಗ ಶಂಕರನಾರಾಯಣದ ಆ ಹುಡುಗಿಯ ಫೋನು ಬಂತು.

"ಅಕ್ಕಾ, ಬ್ರಹ್ಮಾವರದ್ ಕಾಲೇಜಿಗ್ ಒಂದ್ ಅರ್ಜಿ ಹಾಕಿ. ಬಪ್ಪು ತಿಂಗ್ಳ್ ಇಂಟರ್ವ್ಯೂ ಇತ್ತಂಬ್ರ್."

"ಆಯ್ತೆ, ಹಾಕ್ತೆ. ಮತ್ತೆ ಜನ ಎಷ್ಟ್ ಆಯ್ತ್?"

"ಇನ್ನಿಬ್ರನ್ನ್ ನಾ ಕರ್ಕಂಡ್ ಬತ್ತೆ. ನೀವ್ ತಲೆಬಿಸಿ ಮಾಡ್ಕಣ್ಬೇಡಿ."

ಆ ಕಾಲೇಜಿನಲ್ಲಿ ಒಂದು ಹುಡುಗಿ ತಾತ್ಕಾಲಿಕವಾಗಿ ಕೆಲಸದಲ್ಲಿದೆಯೆಂದು ನನಗೆ ಗೊತ್ತಿತ್ತು. ಪಾಪ, ಅದಕ್ಕೆ ಕಾಯಂ ಆಗುವ ಕಾಲ ಬಂತು ಎಂದುಕೊಂಡೆ. ಯಾರ ಹುದ್ದೆ ಎಂದು ಕೇಳುವುದು ನಮ್ಮಲ್ಲಿ ಚಂದವಲ್ಲ, ಹಾಗಾಗಿ ಕೇಳಲಿಲ್ಲ.

ಆ ದಿನ ತೊಳೆದು ತೊಳೆದು ಬಣ್ಣ ಹೋದ ವಾಯಿಲ್ ಸೀರೆ ಉಟ್ಟೆ. ಜೆರಾಕ್ಸ್‌ಗಳನ್ನು ಪ್ಲಾಸ್ಟಿಕ್ ಲಕೋಟೆಗೆ ತುರುಕಿದೆ. ಒಳಗೆ ಪ್ರಿನ್ಸಿಪಾಲರು ಎದ್ದು ನಿಂತು ನಮಸ್ಕಾರ ಮಾಡಿದರು. ಸಂಖ್ಯೆಗೆ ಬಂದವಳಿಗೆ ಇಷ್ಟು ಮರ್ಯಾದೆ ಯಾಕಪ್ಪಾ ಎಂದುಕೊಂಡು ಕೂತೆ. ಎರಡು ಪ್ರಶ್ನೆಗೆ ಸರಿಯಾಗಿ ಹೇಳಿದೆ. ಮೂರನೆಯದಾಗಿ, ಗ್ರಂಥಾಲಯದ ಐದು ಸೂತ್ರಗಳನ್ನು ಹೇಳಿ ಎಂದರು. ನಮ್ಮ ಓದಿನಲ್ಲಿ ಮೊದಲ ವಾರ ಕಲಿಸುವ ಪಾಠ ಅದು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಪುಸ್ತಕಗಳಿರುವುದು ಉಪಯೋಗಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು ಮೂರು ಹೇಳಿ ನಿಲ್ಲಿಸಿದೆ.

"ಓದುಗರ ಸಮಯ..." ಎಂದು ಪ್ರಿನ್ಸಿಪಾಲರು ದಾರಿ ತೋರಿಸಿದರು.

"ಮರೆತು ಹೋಯ್ತು ಸರ್."

"ಅವಸರ ಇಲ್ಲ ಮೇಡಂ. ನೀರು ಕುಡಿಯಿರಿ, ಯೋಚಿಸಿ ಹೇಳಿ."

ನೀರು ಕುಡಿದೆ. ಮರೆತೇ ಹೋಗಿದೆ ಎಂದೆ. ಮೂಲಪ್ರತಿಗಳು ಎಂದರು. ಯಡ್ತರೆಯ ಮನೆಯಲ್ಲಿವೆ ಎಂದೆ. ಅವರು ನನ್ನ ಜೆರಾಕ್ಸ್‌ಗಳನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರು. ಈ ಸಲ ಚೆನ್ನಾಗಿ ಎಡವಿದೆ ಎಂಬ ನೆಮ್ಮದಿಯಲ್ಲಿ ಹೊರಗೆ ಬಂದೆ.

ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಾಲ್ವರು ಕೂತೆವು. ನಾನು, ಅವಳು, ಅವಳು ಕರೆತಂದ ಇಬ್ಬರು ಹೊಸ ಹುಡುಗಿಯರು. ಮಾಣಿ ಬಂದು ನೀರಿಟ್ಟು ನಿಂತ. ನಾನು ಕ್ರಮದ ಪ್ರಕಾರ ಬಾಯಿ ಮುಚ್ಚಿ ಕೂತಿದ್ದೆ. ಹುಡುಗಿಯರು ನನ್ನ ಮುಖ ನೋಡುತ್ತಿದ್ದರು. ಅವಳೂ ನನ್ನನ್ನೇ ನೋಡುತ್ತಾ ನಗುತ್ತಿದ್ದಳು.

"ಅಕ್ಕಾ, ಹೇಳಿ ಕಾಂಬ, ಎಲ್ರಿಗೂ ಹಶು ಆಯ್ತ್."

"ನಾ ಎಂತಕ್ ಹೇಳುದ್? ಕೆಲ್ಸ ಯಾರದ್ದೋ ಅವ್ರ್ ಹೇಳ್ಲಿ. ಇಲ್ಲಿ ಟೆಂಪರರಿ ಇಪ್ಪು ಹೆಣ್ ಬರ್ಲಿಲ್ಯಾ?"

ಅವಳ ನಗು ನಿಂತಿತು.

"ಅವ್ಳ್ ಮದ್ವೆ ಆಯ್ ಬೊಂಬಾಯಿಗ್ ಹೋಯ್ ವರ್ಷ ಆಯ್ತಲೆ. ಅಕ್ಕಾ, ಇದ್ ನಿಮ್ದೇ ಅಲ್ದಾ? ನಾ ಪ್ರಿನ್ಸಿಪಾಲ್ರ ಹತ್ರ ಎಲ್ಲ ಮಾತಾಡಿ ಇಟ್ಟಿದ್ದೆ."

ಪ್ರಿನ್ಸಿಪಾಲರು ಮುಂದೆ ನೂಕಿದ ನೀರಿನ ಲೋಟ ನೆನಪಾಯಿತು.

"ಎಂತ ಕೇಂಡ್ರ್ ಅಕ್ಕಾ?" ಎಂದಳು.

"ಐದ್ ಸೂತ್ರ."

"ಹೇಳಿದ್ರಿ ಅಲ್ದಾ?"

"ಮೂರ್ ಹೇಳ್ದೆ."

ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಹೊಸ ಹುಡುಗಿಯರಲ್ಲಿ ಒಬ್ಬಳು ಮೆಲ್ಲನೆ, "ನಂಗೂ ಅದೇ ಕೇಂಡ್ರ್, ನಾ ಎರಡೇ ಹೇಳ್ದೆ" ಎಂದಳು. ಇನ್ನೊಬ್ಬಳು ಒಂದೂ ಹೇಳಿರಲಿಲ್ಲವಂತೆ. ನನಗಾಗಿ ಬಂದ ಮಕ್ಕಳು, ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದವು. ಯೋಗ್ಯ ಅಭ್ಯರ್ಥಿ ಯಾರೂ ಇಲ್ಲವೆಂದು ಕಾಲೇಜಿನವರು ಬರೆದುಕೊಂಡರು. ಮತ್ತೆ ಜಾಹೀರಾತು ಬರುವಷ್ಟರಲ್ಲಿ ನನ್ನ ವಯಸ್ಸು ದಾಟಿತ್ತು.

ಅದೆಲ್ಲ ಆಮೇಲಿನದು. ಆಗ ಮಾಣಿ ಇನ್ನೂ ನಿಂತೇ ಇದ್ದ, ಹುಡುಗಿಯರಿಗೆ ಹಸಿವಾಗಿತ್ತು. ನಾಲ್ಕು ಮೀನೂಟ, ಮೇಲೆ ಬಂಗುಡೆ ಫ್ರೈ ಎಂದು ನಾನೇ ಹೇಳಿದೆ. ಹುದ್ದೆ ನನ್ನದಾಗಿತ್ತಲ್ಲ.